ಎಲ್ಲ ವಸ್ತುವಿಗೂ ‘ಒಂದು ತಿಂಗಳ ಮೀಸಲು’ ಎಂಬ ನಿಯಮ ಸರಿಯೇ? ಸೇಫ್ಟಿ ಸ್ಟಾಕ್ ಲೆಕ್ಕ ಹಾಕುವ ಬಗೆ

ಖರೀದಿಮೇಜು

ಎಲ್ಲರಿಗೂ ನಮಸ್ಕಾರ. ಯಂತ್ರಭಾಗ ತಯಾರಿಸುವ ಘಟಕವೊಂದರಲ್ಲಿ ಖರೀದಿಯ ಜವಾಬ್ದಾರಿ ನನ್ನದು. ಕಚ್ಚಾ ಸಾಮಗ್ರಿ, ಬಿಡಿಭಾಗ, ಪ್ಯಾಕಿಂಗ್ ಸಾಮಾನು ಸೇರಿ ಸಾವಿರಾರು ವಸ್ತುಗಳು ಪಟ್ಟಿಯಲ್ಲಿವೆ. ಇತ್ತೀಚೆಗೆ ಒಂದು ಸಣ್ಣ ರಬ್ಬರ್ ಸೀಲ್ ಸಮಯಕ್ಕೆ ಬಾರದೆ ಉತ್ಪಾದನೆ ನಿಂತಿತು. ಅದರ ಬೆನ್ನಿಗೇ ಮೇಲಿನಿಂದ ಆದೇಶ ಬಂದಿದೆ: ಇನ್ನು ಮುಂದೆ ಪ್ರತಿಯೊಂದು ವಸ್ತುವಿಗೂ ಒಂದು ತಿಂಗಳ ಬಳಕೆಯಷ್ಟು ಮೀಸಲು ದಾಸ್ತಾನು (ಸೇಫ್ಟಿ ಸ್ಟಾಕ್) ಇರಲೇಬೇಕು. ಇತ್ತ ಹಣಕಾಸು ವಿಭಾಗದವರು ಒಟ್ಟು ದಾಸ್ತಾನಿನ ಮೌಲ್ಯ ಇಳಿಸಿ ಎಂದು ಪಟ್ಟು ಹಿಡಿದಿದ್ದಾರೆ. ಎರಡೂ ಮಾತನ್ನು ಒಟ್ಟಿಗೆ ನಡೆಸುವುದು ಹೇಗೆ? ‘ಒಂದು ತಿಂಗಳು’ ಎಂಬುದಕ್ಕೆ ಆಧಾರವೇ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಸಭೆಯಲ್ಲಿ ಅನ್ನಿಸಿಕೆ ನಿಲ್ಲುವುದಿಲ್ಲ, ಲೆಕ್ಕ ಬೇಕು. ಅನುಭವವಿರುವವರು ದಯವಿಟ್ಟು ತಿಳಿಸಿ.

ಅಂಕಿನೋಟ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿದೆ ಈ ಆದೇಶ. ತಡವಾಗಿ ಬಂದದ್ದು ಸೀಲ್. ಮೀಸಲು ಹೆಚ್ಚಿದ್ದು ಎಂದೂ ತಡವಾಗದ ರಟ್ಟಿನ ಪೆಟ್ಟಿಗೆಗೂ ಸೇರಿ. ಬಳಕೆ ಎಷ್ಟು ಎಂಬುದನ್ನು ನೋಡಿ ಮೀಸಲು ಇಡುವುದಲ್ಲ; ಬಳಕೆಯೂ ಪೂರೈಕೆಯೂ ಎಷ್ಟು ಏರುಪೇರಾಗುತ್ತವೆ ಎಂಬುದನ್ನು ನೋಡಿ ಇಡಬೇಕು. ದಿನಕ್ಕೆ ಸಾವಿರ ಬಳಕೆಯಾಗುವ ವಸ್ತು ಒಂದೇ ಸಮನೆ ಖರ್ಚಾಗಿ, ಹೇಳಿದ ದಿನಕ್ಕೆ ಬರುತ್ತಿದ್ದರೆ ಅದಕ್ಕೆ ಮೀಸಲು ಬೇಕಾಗುವುದೇ ಕಡಿಮೆ.

ಒಂದು ಉದಾಹರಣೆ ಕೊಡುತ್ತೇನೆ, ಸಭೆಯಲ್ಲಿ ನೇರವಾಗಿ ಬಳಸಿಕೊಳ್ಳಬಹುದು. ವಸ್ತುವೊಂದರ ಬೇಡಿಕೆ ದಿನಕ್ಕೆ ಸರಾಸರಿ 40, ಅದರ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಆಚೀಚೆ ಹರಡುವಿಕೆಯ ಅಳತೆ, 12. ಆರ್ಡರ್ ಕೊಟ್ಟ ದಿನದಿಂದ ಸರಕು ಕೈಸೇರುವವರೆಗಿನ ಲೀಡ್ ಟೈಮ್ ಸರಾಸರಿ 9 ದಿನ. ಮೊದಲು, ಪೂರೈಕೆದಾರ ಒಮ್ಮೆಯೂ ತಪ್ಪದೆ 9ನೇ ದಿನವೇ ಕೊಡುತ್ತಾನೆ ಎಂದುಕೊಳ್ಳೋಣ. ಒಂಬತ್ತು ದಿನಗಳ ಬೇಡಿಕೆಯ ವಿಚಲನೆ ಎಂದರೆ 12ನ್ನು 9ರ ವರ್ಗಮೂಲದಿಂದ ಗುಣಿಸಿದ್ದು, ಅಂದರೆ 36. ನೂರು ಆವರ್ತನಗಳಲ್ಲಿ (ಆರ್ಡರ್ ಕೊಟ್ಟು ಸರಕು ಪಡೆಯುವ ಸುತ್ತುಗಳಲ್ಲಿ) ತೊಂಬತ್ತೈದರಲ್ಲಿ ಸರಕು ಬರುವ ಮೊದಲು ದಾಸ್ತಾನು ಬರಿದಾಗಬಾರದು ಎಂದರೆ ಅದನ್ನು ಶೇ 95ಕ್ಕೆ ಸಲ್ಲುವ ಸಂಖ್ಯಾಶಾಸ್ತ್ರದ ಗುಣಕ 1.645ರಿಂದ ಗುಣಿಸಬೇಕು. ಸುಮಾರು 59 ಬರುತ್ತದೆ. ಒಂದೂವರೆ ದಿನದ ಬಳಕೆ ಅಷ್ಟೇ.

ಈಗ ಪೂರೈಕೆದಾರನ ಲೀಡ್ ಟೈಮ್ ಸರಾಸರಿ 9 ದಿನವೇ ಇರಲಿ, ಆದರೆ ಅದಕ್ಕೂ 3 ದಿನಗಳ ಮಾನಕ ವಿಚಲನೆ ಇರಲಿ. ಒಮ್ಮೆ ಆರು ದಿನಕ್ಕೆ ಬರುತ್ತದೆ, ಮತ್ತೊಮ್ಮೆ ಹನ್ನೆರಡು ದಿನಕ್ಕೆ. ಆಗ ಎರಡು ಭಾಗಗಳನ್ನು ಕೂಡಿಸಬೇಕು. ಬೇಡಿಕೆಯ ಏರುಪೇರಿನ ಭಾಗ 9 ಗುಣಿಸು 12ರ ವರ್ಗ, ಅಂದರೆ 1,296. ಪೂರೈಕೆಯ ಏರುಪೇರಿನ ಭಾಗ 40ರ ವರ್ಗ ಗುಣಿಸು 3ರ ವರ್ಗ, ಅಂದರೆ 14,400. ಮೊತ್ತ 15,696. ವರ್ಗಮೂಲ ಸುಮಾರು 125. ಅದನ್ನು 1.645ರಿಂದ ಗುಣಿಸಿದರೆ 206.

ಐವತ್ತೊಂಬತ್ತು ಇದ್ದದ್ದು ಇನ್ನೂರ ಆರಾಯಿತು. ಬೇಡಿಕೆ ಕೂದಲೆಳೆಯಷ್ಟೂ ಬದಲಾಗಿಲ್ಲ. ಈ ಉದಾಹರಣೆಯಲ್ಲಿ ಮೀಸಲನ್ನು ಉಬ್ಬಿಸುತ್ತಿರುವುದು ಗ್ರಾಹಕನಲ್ಲ, ಪೂರೈಕೆದಾರನ ಅನಿಶ್ಚಿತತೆ. ಬೇಡಿಕೆಯ ಮುನ್ಸೂಚನೆಗೆ ವರ್ಷವಿಡೀ ಬೆವರು ಸುರಿಸಿ ಅದರ ವಿಚಲನೆಯನ್ನು 12ರಿಂದ 6ಕ್ಕೆ ಇಳಿಸಿದಿರಿ ಎನ್ನಿ. ಮೀಸಲು 206ರಿಂದ 200ಕ್ಕೆ ಬರುತ್ತದೆ. ಅದೇ ಲೀಡ್ ಟೈಮಿನ ವಿಚಲನೆಯನ್ನು 3 ದಿನದಿಂದ ಒಂದೂವರೆ ದಿನಕ್ಕೆ ತಂದರೆ ಮೀಸಲು 115ಕ್ಕೆ ಇಳಿಯುತ್ತದೆ. ಹಣಕಾಸಿನವರಿಗೂ ಉತ್ಪಾದನೆಯವರಿಗೂ ಒಟ್ಟಿಗೆ ಹೇಳಬಹುದಾದ ಮಾತು ಇದು: ದಾಸ್ತಾನು ಇಳಿಯಬೇಕಾದರೆ ಹೇಳಿದ ದಿನಕ್ಕೆ ತಪ್ಪದೆ ಕೊಡುವ ಪೂರೈಕೆದಾರ ಬೇಕು.

ಖರೀದಿಮೇಜು

ಬಹಳ ಉಪಕಾರವಾಯಿತು. ಕೊನೆಯ ಹೋಲಿಕೆಯೊಂದೇ ಸಾಕು, ನನ್ನ ಅರ್ಧ ಸಭೆ ಮುಗಿಯಿತು. ಆದರೆ ಲೀಡ್ ಟೈಮಿನ ವಿಚಲನೆ ಎಲ್ಲಿಂದ ತರಲಿ? ನಮ್ಮ ತಂತ್ರಾಂಶದಲ್ಲಿ ಪ್ರತಿ ವಸ್ತುವಿನ ಎದುರು ಒಂದೇ ಸಂಖ್ಯೆ ಇದೆ, ಅದೂ ವಸ್ತುವನ್ನು ಮೊದಲು ನಮೂದಿಸಿದಾಗ ಯಾರೋ ಬರೆದದ್ದು.

ಉಗ್ರಾಣಪಾಲಕ

ಅದು ನಿಮ್ಮ ಸ್ಟೋರ್ಸಿನ ಸರಕು ಸ್ವೀಕೃತಿ ದಾಖಲೆಯಲ್ಲಿದೆ ಸರ್. ಆರ್ಡರ್ ಹೋದ ದಿನಾಂಕ ಒಂದು ಕಡೆ, ಸರಕು ಬಂದ ದಿನಾಂಕ ಇನ್ನೊಂದು ಕಡೆ. ಆದರೆ ಗೇಟಿನೊಳಗೆ ಲಾರಿ ಬಂದ ದಿನವನ್ನು ತೆಗೆದುಕೊಳ್ಳಬೇಡಿ. ಗುಣಮಟ್ಟ ತಪಾಸಣೆ ಮುಗಿದು, ಸರಕು ರ‍್ಯಾಕಿಗೇರಿ, ಕೊಡಲು ಸಿದ್ಧವಾದ ದಿನವನ್ನೇ ಹಿಡಿಯಿರಿ. ಎಷ್ಟೋ ಕಡೆ ಸರಕು ಸಮಯಕ್ಕೇ ಬಂದಿರುತ್ತದೆ. ತಪಾಸಣೆಯ ಮೇಜಿನ ಪಕ್ಕದಲ್ಲಿ ಹಳದಿ ಚೀಟಿ ಅಂಟಿಸಿಕೊಂಡು ನಾಲ್ಕೈದು ದಿನ ಕುಳಿತಿರುತ್ತದೆ. ಬೈಗುಳ ಮಾತ್ರ ಪೂರೈಕೆದಾರನಿಗೆ. ಆ ದಿನಗಳೂ ಲೀಡ್ ಟೈಮೇ, ಅವುಗಳನ್ನು ಇಳಿಸುವುದು ನಿಮ್ಮ ಕೈಯಲ್ಲೇ ಇದೆ.

ಇನ್ನೊಂದು ವಿಷಯ. ನೂರು ಕೇಳಿದ್ದಕ್ಕೆ ಅರವತ್ತು ಬಂದು ಉಳಿದ ನಲವತ್ತು ಎರಡು ವಾರ ಬಿಟ್ಟು ಬಂದರೆ ದಾಖಲೆ ಎರಡು ಸಾಲು ತೋರಿಸುತ್ತದೆ. ಮೊದಲ ಸಾಲನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಪೂರೈಕೆದಾರ ಒಳ್ಳೆಯವನಂತೆ ಕಾಣುತ್ತಾನೆ.

ಅಂಕಿನೋಟ

ಮೇಲಿನ ಮಾತು ಬೇಡಿಕೆಯ ದಾಖಲೆಗೂ ಅನ್ವಯಿಸುತ್ತದೆ. ದಾಸ್ತಾನು ಇಲ್ಲದ ದಿನಗಳಲ್ಲಿ ವಿತರಣೆ ಸೊನ್ನೆ ಎಂದಿರುತ್ತದೆ. ಅದು ಬೇಡಿಕೆ ಇರಲಿಲ್ಲ ಎಂಬುದರ ಗುರುತಲ್ಲ, ಕೊಡಲು ಇರಲಿಲ್ಲ ಎಂಬುದರ ಗುರುತು. ಆ ಸೊನ್ನೆಗಳನ್ನು ಹಾಗೆಯೇ ಬಿಟ್ಟು ಸರಾಸರಿ ತೆಗೆದರೆ, ಪದೇ ಪದೇ ಕೊರತೆಯಾಗುವ ವಸ್ತುವಿಗೇ ಕಡಿಮೆ ಬೇಡಿಕೆ ತೋರುತ್ತದೆ, ಮೀಸಲೂ ಕಡಿಮೆಯಾಗುತ್ತದೆ, ಕೊರತೆ ಮುಂದುವರಿಯುತ್ತದೆ.

ನೀವು ಮುನ್ಸೂಚನೆ ಆಧರಿಸಿ ಯೋಜನೆ ಮಾಡುವವರಾದರೆ ಬೇಡಿಕೆಯ ವಿಚಲನೆಯ ಬದಲು ಮುನ್ಸೂಚನೆಯ ದೋಷದ ವಿಚಲನೆ ಬಳಸಿ. ಹಂಗಾಮಿನಲ್ಲಿ ಏರಿ ಆಮೇಲೆ ಇಳಿಯುವ ಬೇಡಿಕೆ ನಿಮಗೆ ಮೊದಲೇ ಗೊತ್ತಿದ್ದರೆ ಆ ಏರಿಳಿತಕ್ಕೆ ಮೀಸಲು ಬೇಕಿಲ್ಲ, ಅದಕ್ಕೆ ಯೋಜನೆ ಸಾಕು. ಗೊತ್ತಿಲ್ಲದ್ದಕ್ಕೆ ಮಾತ್ರ ಮೀಸಲು. ಹಾಗೆಯೇ ವಾರಕ್ಕೊಮ್ಮೆ ಮಾತ್ರ ದಾಸ್ತಾನು ನೋಡಿ ಆರ್ಡರ್ ಹಾಕುವ ಪದ್ಧತಿ ಇದ್ದರೆ ಲೀಡ್ ಟೈಮಿಗೆ ಆ ಏಳು ದಿನಗಳನ್ನೂ ಸೇರಿಸಿ ಲೆಕ್ಕ ಹಾಕಬೇಕು. ಅಷ್ಟೂ ದಿನ ನಿಮ್ಮನ್ನು ಕಾಯುವುದು ಕೈಯಲ್ಲಿರುವ ಸರಕೇ.

ಸಾಲುಮೇಲ್ವಿಚಾರಕ

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಲೆಕ್ಕ ಎಷ್ಟೇ ಚೆನ್ನಾಗಿರಲಿ, ಮೀಸಲು ಎಂಬುದೇ ಸಮಸ್ಯೆಯನ್ನು ಮುಚ್ಚಿಡುವ ಹೊದಿಕೆ. ಟೊಯೋಟಾದಲ್ಲಿ ತೈಚಿ ಓನೊ ಕಟ್ಟಿದ ಉತ್ಪಾದನಾ ಪದ್ಧತಿ ಅನಗತ್ಯ ದಾಸ್ತಾನನ್ನು ವ್ಯರ್ಥದ ಏಳು ಬಗೆಗಳಲ್ಲಿ ಒಂದೆಂದು ಎಣಿಸುತ್ತದೆ. ಯಂತ್ರ ಕೆಟ್ಟರೂ, ಪೂರೈಕೆದಾರ ದೋಷಯುಕ್ತ ಸರಕು ಕಳಿಸಿದರೂ ಮೀಸಲು ಇದ್ದರೆ ಯಾರಿಗೂ ಬಿಸಿ ಮುಟ್ಟುವುದಿಲ್ಲ. ಮೂಲ ಕಾರಣ ಹುಡುಕುವ ಗೋಜಿಗೇ ಯಾರೂ ಹೋಗುವುದಿಲ್ಲ. ನಾನು ಕೆಲಸ ಮಾಡುವ ಸಾಲಿನಲ್ಲಿ ಎರಡು ಹಂತಗಳ ನಡುವಿನ ದಾಸ್ತಾನು ಇಳಿಸಿದ ಮೇಲೆಯೇ ಒಂದು ಅಚ್ಚು ಸರಿಯಾಗಿ ಕೂರುತ್ತಿಲ್ಲ ಎಂಬುದು ಬೆಳಕಿಗೆ ಬಂದದ್ದು. ಅದಕ್ಕೂ ಮುನ್ನ ದೋಷದ ಭಾಗಗಳು ಮೀಸಲಿನ ರಾಶಿಯಲ್ಲಿ ಕರಗಿಹೋಗುತ್ತಿದ್ದವು.

ಯೋಜನಾವಿಭಾಗ

ನಿಮ್ಮ ಮಾತಿನಲ್ಲಿ ಹುರುಳಿದೆ, ಅಚ್ಚಿನ ಉದಾಹರಣೆಯನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಟೊಯೋಟಾದ ಕಥೆಯನ್ನು ಅಲ್ಲಿಗೇ ನಿಲ್ಲಿಸಬಾರದು.

1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿದ್ದ ಐಸಿನ್ ಸೇಯ್ಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಪಿ-ವಾಲ್ವ್ ಎಂಬ ಪುಟ್ಟ ಭಾಗ ಬಹುಪಾಲು ಅಲ್ಲೊಂದೇ ಕಡೆ ತಯಾರಾಗುತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಆ ಭಾಗದ ಮೀಸಲು ಇದ್ದದ್ದು ಕೆಲವು ಗಂಟೆಗಳಿಗೆ ಸಾಕಾಗುವಷ್ಟು. ದೇಶದಲ್ಲಿದ್ದ ಟೊಯೋಟಾ ಘಟಕಗಳು ಬಹುತೇಕ ನಿಂತುಹೋದವು. ಆ ಭಾಗವನ್ನು ಹಿಂದೆಂದೂ ಮಾಡದ ಹತ್ತಾರು ಕಂಪನಿಗಳು ಕೈಗೆ ಸಿಕ್ಕ ಯಂತ್ರಗಳಲ್ಲೇ ಅದನ್ನು ತಯಾರಿಸಿ ಕೊಟ್ಟು ಕೆಲವೇ ದಿನಗಳಲ್ಲಿ ಉತ್ಪಾದನೆಗೆ ಮತ್ತೆ ಜೀವ ತಂದವು. ಅದು ನಿಜಕ್ಕೂ ಹೆಮ್ಮೆಪಡುವ ಸಂಗತಿ. ಆದರೆ ಅಂಥ ಬಂಧುಬಳಗದಂತಹ ಪೂರೈಕೆ ಜಾಲ ನಮ್ಮಲ್ಲಿ ಎಷ್ಟು ಸಂಸ್ಥೆಗಳಿಗಿದೆ?

2011ರ ಮಾರ್ಚ್ ಭೂಕಂಪ ಮತ್ತು ಸುನಾಮಿಯ ನಂತರ ಟೊಯೋಟಾ ತನ್ನ ನಿಲುವನ್ನೇ ತಿದ್ದಿಕೊಂಡಿತು. ಮೈಕ್ರೋಚಿಪ್‌ಗಳಂಥ ಭಾಗಗಳನ್ನು ಎರಡರಿಂದ ಆರು ತಿಂಗಳಿಗೆ ಸಾಕಾಗುವಷ್ಟು ಇಟ್ಟುಕೊಳ್ಳುವಂತೆ ಪೂರೈಕೆದಾರರಿಗೆ ಹೇಳಿತು. ಎಲ್ಲ ಭಾಗಗಳಿಗಲ್ಲ ಎಂಬುದನ್ನು ಗಮನಿಸಿ: ತಯಾರಾಗಲು ದೀರ್ಘಕಾಲ ಹಿಡಿಯುವ, ಬೇರೆ ಕಡೆ ಸುಲಭಕ್ಕೆ ಸಿಗದ ಭಾಗಗಳಿಗೆ. ಆ ಕಾರಣಕ್ಕೆ 2021ರ ಮೊದಲ ತಿಂಗಳುಗಳಲ್ಲಿ ಬೇರೆ ವಾಹನ ಕಂಪನಿಗಳು ಚಿಪ್ ಇಲ್ಲದೆ ಒದ್ದಾಡುತ್ತಿದ್ದಾಗ ಅದು ತಡೆದುಕೊಂಡಿತು. ಕೊರತೆ ಎಳೆದೂ ಎಳೆದೂ ಹೋದಾಗ ಮೀಸಲೂ ಕರಗಿತು. ಅದೇ ಸೆಪ್ಟೆಂಬರಿನ ಜಾಗತಿಕ ಉತ್ಪಾದನಾ ಯೋಜನೆಯಲ್ಲಿ ಸುಮಾರು ಶೇ 40ರಷ್ಟನ್ನು ಕಡಿತ ಮಾಡಬೇಕಾಯಿತು. ಮೀಸಲು ಕೊಡುವುದು ಕಾಲಾವಕಾಶವನ್ನು. ಆ ಅವಕಾಶದಲ್ಲಿ ಪರ್ಯಾಯ ಹುಡುಕುವ ಕೆಲಸ ಆಗಲೇಬೇಕು.

ಆದ್ದರಿಂದ ದಿನನಿತ್ಯದ ಏರುಪೇರಿಗೆ ಅಂಕಿನೋಟ ಅವರು ಹೇಳಿದ ಲೆಕ್ಕ. ಬೆಂಕಿ, ಪ್ರವಾಹ, ಬಂದರು ಮುಚ್ಚುವಿಕೆಯಂಥ ಆಘಾತಗಳಿಗೆ ಆ ಸೂತ್ರ ಉತ್ತರ ಕೊಡುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಪೂರೈಕೆದಾರ ನಾಳೆ ನಿಂತುಹೋದರೆ ಪರ್ಯಾಯ ಸಿಗಲು ಎಷ್ಟು ವಾರ ಬೇಕು, ಅಷ್ಟು ವಾರ ನಾವು ಉಸಿರು ಹಿಡಿಯಬಲ್ಲೆವೇ?

ಸಾಲುಮೇಲ್ವಿಚಾರಕ

ಸರಿ, ಒಪ್ಪಿದೆ. ಮೂಲ ಕಾರಣ ಹುಡುಕುವ ಕೆಲಸ ನಿಲ್ಲಬಾರದು ಎಂಬುದಷ್ಟೇ ನನ್ನ ಕಾಳಜಿ. ಮೀಸಲಿಗೆ ಕೈ ಹಾಕಿದ ಪ್ರತಿ ಸಲವೂ ‘ಏಕೆ ಕೈ ಹಾಕಬೇಕಾಯಿತು’ ಎಂದು ಒಂದು ಸಾಲು ಬರೆದಿಡುವ ಪದ್ಧತಿ ಇದ್ದರೆ ಎರಡೂ ಸಾಧ್ಯ. ತಿಂಗಳ ಕೊನೆಗೆ ಆ ಪುಟವನ್ನು ಓದಿದರೆ ಯಾವ ಯಂತ್ರ, ಯಾವ ಪೂರೈಕೆದಾರ ಎಂಬುದು ತಾನೇ ಎದ್ದು ಕಾಣುತ್ತದೆ.

ಉಗ್ರಾಣಪಾಲಕ

ಕಾಗದದ ಮೇಲಿನ ಮೀಸಲಿಗೂ ರ‍್ಯಾಕಿನ ಮೇಲಿನ ಮೀಸಲಿಗೂ ಇರುವ ಅಂತರದ ಬಗ್ಗೆ ಯಾರೂ ಮಾತೆತ್ತಿಲ್ಲ. ಅದು ನನ್ನ ದಿನನಿತ್ಯದ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಷ್ಟೋ ಉಗ್ರಾಣಗಳಲ್ಲಿ ಮೀಸಲನ್ನು ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಹೊಸ ಸರಕು ಬರುತ್ತದೆ, ಅದೇ ಖರ್ಚಾಗುತ್ತದೆ. ಬೀಗದೊಳಗಿನದು ಹಾಗೇ ಕೂತಿರುತ್ತದೆ. ಖರೀದಿಮೇಜು ಅವರು ಹೇಳಿದ ರಬ್ಬರ್ ಸೀಲನ್ನೇ ತೆಗೆದುಕೊಳ್ಳಿ. ಬಿಸಿಲು, ಶಾಖ, ಓಝೋನ್ ತಗುಲಿದರೆ ರಬ್ಬರ್ ಗಡುಸಾಗುತ್ತದೆ. ವರ್ಷಗಟ್ಟಲೆ ತಂತಿಯ ಕೊಕ್ಕೆಗೆ ನೇತುಹಾಕಿದ ಸೀಲನ್ನು ತೆಗೆದು ಬೆರಳಲ್ಲಿ ಹಿಗ್ಗಿಸಿ ನೋಡಿ: ಕೊಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆ ಗುರುತು, ಅಂಚಿನಲ್ಲಿ ಕೂದಲೆಳೆಯ ಬಿರುಕು. ಅಗತ್ಯ ಬಿದ್ದ ದಿನ ಅದು ಕೈಕೊಡುತ್ತದೆ. ಬೇರಿಂಗಿನೊಳಗಿನ ಗ್ರೀಸಿಗೂ ಆಯುಸ್ಸಿದೆ. ಬದಲಿಗೆಂದು ಇಟ್ಟ ಮೋಟಾರಿನ ಶಾಫ್ಟನ್ನು ಆಗಾಗ ಕೈಯಿಂದ ತಿರುಗಿಸದೆ ಒಂದೇ ಸ್ಥಿತಿಯಲ್ಲಿ ಬಿಟ್ಟರೆ, ಅಕ್ಕಪಕ್ಕದ ಯಂತ್ರಗಳ ಕಂಪನಕ್ಕೆ ಬೇರಿಂಗಿನ ಗುಂಡುಗಳು ಕೂತಲ್ಲೇ ಕುಳಿ ಬೀಳಿಸುತ್ತವೆ. ಓಡದ ಮೋಟಾರೂ ಸವೆಯುತ್ತದೆ.

ಅದಕ್ಕೇ ಮೀಸಲು ಎಂಬುದು ಪ್ರತ್ಯೇಕ ಕಪಾಟು ಆಗಿರಬಾರದು, ಒಂದು ಮಟ್ಟವಾಗಿರಬೇಕು. ಸರಕು ಸರದಿಯ ಪ್ರಕಾರ ಹೊರಗೆ ಹೋಗುತ್ತಿರಲಿ, ಒಟ್ಟು ಸಂಖ್ಯೆ ಮಾತ್ರ ಆ ಮಟ್ಟಕ್ಕೆ ಹತ್ತಿರವಾದಾಗ ಎಚ್ಚರಿಕೆ ಬರಲಿ. ಬೋಲ್ಟು, ವಾಷರಿನಂಥ ಚಿಲ್ಲರೆ ಸಾಮಾನಿಗೆ ಎರಡು ಡಬ್ಬಿಯ ಪದ್ಧತಿ ಇಂದಿಗೂ ಅತ್ಯುತ್ತಮ. ಮುಂದಿನ ಡಬ್ಬಿ ಖಾಲಿಯಾದೊಡನೆ ಅದರ ತಳದಲ್ಲಿರುವ ಕಾರ್ಡು ಖರೀದಿಗೆ ಹೋಗುತ್ತದೆ, ಹಿಂದಿನ ಡಬ್ಬಿ ಮುಂದಕ್ಕೆ ಬರುತ್ತದೆ, ಹೊಸ ಸರಕು ಹಿಂದಿನ ಜಾಗಕ್ಕೆ. ಕಂಪ್ಯೂಟರೂ ಬೇಡ, ಸರಕು ಹಳತಾಗುವ ಭಯವೂ ಇಲ್ಲ.

ಎಣಿಕೆಯ ಮಾತು ಇನ್ನೂ ಮುಖ್ಯ. ತೆರೆಯ ಮೇಲೆ 206 ಎಂದು ತೋರಿಸಿ ರ‍್ಯಾಕಿನಲ್ಲಿ 150 ಇದ್ದರೆ ಮೇಲಿನ ವರ್ಗಮೂಲಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವ ಬದಲು ದಿನಕ್ಕೆ ಕೆಲವೇ ವಸ್ತುಗಳನ್ನು ಎಣಿಸುತ್ತಾ ಹೋಗಿ, ಮುಖ್ಯವಾದವನ್ನು ಹೆಚ್ಚು ಸಲ.

ಔಷಧಭಂಡಾರ

ಆಸ್ಪತ್ರೆಯೊಂದರ ಔಷಧ ಉಗ್ರಾಣದಿಂದ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ನೂರರಲ್ಲಿ ತೊಂಬತ್ತೈದು ಆವರ್ತನಗಳಲ್ಲಿ ಕೊರತೆ ಬಾರದು ಎಂಬ ಶೇ 95ರ ಸೇವಾ ಮಟ್ಟವನ್ನು ಹಿಡಿದು ಮಾತನಾಡುತ್ತಿದ್ದೀರಿ. ಆ ಸಂಖ್ಯೆ ಎಲ್ಲಿಂದ ಬಂತು? ನಮ್ಮಲ್ಲಿ ಔಷಧಗಳನ್ನು ಪ್ರಾಣರಕ್ಷಕ, ಅತ್ಯಗತ್ಯ, ಇದ್ದರೆ ಒಳ್ಳೆಯದು ಎಂದು ಮೂರಾಗಿ ವಿಂಗಡಿಸುವ ವಿಇಡಿ ಪದ್ಧತಿ ಇದೆ. ತುರ್ತು ಚಿಕಿತ್ಸೆಯ ಅಡ್ರಿನಲಿನ್‌ಗೂ ವಿಟಮಿನ್ ಮಾತ್ರೆಗೂ ಒಂದೇ ಸೇವಾ ಮಟ್ಟ ಇಡುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಇಲ್ಲದಿದ್ದರೆ ಜೀವ ಹೋಗುತ್ತದೆ, ಇನ್ನೊಂದು ಇಲ್ಲದಿದ್ದರೆ ರೋಗಿ ನಾಳೆ ಬರುತ್ತಾನೆ. ಹಾಗೆಂದು ಬೇಕಾಬಿಟ್ಟಿ ತುಂಬಿಸುವಂತೆಯೂ ಇಲ್ಲ, ಅವಧಿ ಮುಗಿದ ಔಷಧವನ್ನು ನಾಶಪಡಿಸಬೇಕಾಗುತ್ತದೆ. ನಾವು ಮೊದಲು ಬಂದದ್ದನ್ನಲ್ಲ, ಮೊದಲು ಅವಧಿ ಮುಗಿಯುವುದನ್ನು ಮೊದಲು ಕೊಡುತ್ತೇವೆ.

ಅಂಕಿನೋಟ

ಮೇಡಂ, ನೀವು ಎತ್ತಿದ್ದು ಈ ಚರ್ಚೆಯ ಅತ್ಯಂತ ಮುಖ್ಯ ಪ್ರಶ್ನೆ. ಸೇವಾ ಮಟ್ಟವನ್ನು ಊಹಿಸಿ ಬರೆಯಬಾರದು, ಅದು ನಷ್ಟಗಳ ತೂಕದಿಂದ ಬರಬೇಕು. ಒಂದು ಘಟಕ ಕಡಿಮೆಯಾದರೆ ಆಗುವ ನಷ್ಟ ಒಂದು ಕಡೆ, ಒಂದು ಘಟಕ ಹೆಚ್ಚಾಗಿ ಉಳಿದರೆ ಆಗುವ ನಷ್ಟ ಇನ್ನೊಂದು ಕಡೆ. ಕೊರತೆಯ ನಷ್ಟವನ್ನು ಎರಡರ ಮೊತ್ತದಿಂದ ಭಾಗಿಸಿ. ಕೊರತೆಯ ನಷ್ಟ ಒಂಬತ್ತು ಪಟ್ಟು ಹೆಚ್ಚಿದ್ದರೆ ಹತ್ತರಲ್ಲಿ ಒಂಬತ್ತು, ಅಂದರೆ ಶೇ 90. ತೊಂಬತ್ತೊಂಬತ್ತು ಪಟ್ಟಾದರೆ ಶೇ 99. ಒಂದು ಅವಧಿಗೆ ಒಮ್ಮೆ ಕೊಂಡು ಇಡುವ ಸರಕಿಗೆಂದು ಹುಟ್ಟಿದ ಲೆಕ್ಕ ಇದು, ಆದರೂ ಯೋಚನೆಗೆ ದಿಕ್ಕು ತೋರಿಸುತ್ತದೆ. ಪ್ರಾಣರಕ್ಷಕ ಔಷಧಕ್ಕೆ ಈ ಭಾಗಾಕಾರವನ್ನೇ ಮಾಡಬೇಡಿ, ಆದಷ್ಟು ಮೇಲಿಡಿ.

ಆದರೆ ಮೇಲಕ್ಕೆ ಹೋದಂತೆ ಪ್ರತಿ ಶೇಕಡಾಂಶವೂ ದುಬಾರಿ. ನನ್ನ ಮೊದಲ ಉದಾಹರಣೆಯಲ್ಲಿ ಶೇ 95ಕ್ಕೆ 206 ಬೇಕಿದ್ದರೆ ಶೇ 99ಕ್ಕೆ 291, ಶೇ 99.9ಕ್ಕೆ 387.

ಇಲ್ಲೊಂದು ಗೊಂದಲ ಆಗಾಗ ಕಾಣುತ್ತದೆ, ಬಿಡಿಸಿ ಹೇಳುತ್ತೇನೆ. ಶೇ 95 ಸೇವಾ ಮಟ್ಟ ಎಂದರೆ ನೂರು ಬೇಡಿಕೆಗಳಲ್ಲಿ ಐದನ್ನು ಬರಿಗೈಯಲ್ಲಿ ಕಳಿಸುತ್ತೇವೆ ಎಂದಲ್ಲ. ನೂರು ಆವರ್ತನಗಳಲ್ಲಿ ಐದರಲ್ಲಿ ಒಂದಿಷ್ಟು ಕೊರತೆ ತಲೆದೋರುತ್ತದೆ ಎಂದು. ಅದೇ ಉದಾಹರಣೆಯಲ್ಲಿ ಒಂದು ಸಲಕ್ಕೆ 400 ತರಿಸುತ್ತೀರಿ ಎನ್ನಿ. 206 ಮೀಸಲಿದ್ದಾಗ ಪ್ರತಿ ಆವರ್ತನದಲ್ಲಿ ಸರಾಸರಿ ಕೊರತೆ ಮೂರಕ್ಕಿಂತ ಕಡಿಮೆ. ಬೇಡಿಕೆಯ ಶೇ 99ಕ್ಕೂ ಹೆಚ್ಚು ಭಾಗ ನೇರವಾಗಿ ಈಡೇರುತ್ತದೆ. ಮೀಸಲನ್ನು ಪೂರ್ತಿ ಸೊನ್ನೆ ಮಾಡಿದರೂ ಸರಾಸರಿ ಕೊರತೆ ಸುಮಾರು 50, ಈಡೇರುವುದು ಶೇ 87ರಷ್ಟು. ಆಡಳಿತದವರು ‘ಶೇ 98 ಬೇಕು’ ಎಂದಾಗ ಕೊರತೆಯಿಲ್ಲದ ಆವರ್ತನಗಳ ಪಾಲೋ, ಈಡೇರಿದ ಬೇಡಿಕೆಯ ಪಾಲೋ, ಎರಡರಲ್ಲಿ ಯಾವುದು ಎಂದು ಮೊದಲು ಕೇಳಿ. ಉತ್ತರಕ್ಕೆ ತಕ್ಕಂತೆ ದಾಸ್ತಾನು ಎಷ್ಟೋ ಬದಲಾಗುತ್ತದೆ.

ಇವೆಲ್ಲ ಏರುಪೇರು ಗಂಟೆಯಾಕಾರದ ರೇಖೆಯಂತೆ ಹರಡಿದೆ ಎಂಬ ಊಹೆಯ ಮೇಲೆ ನಿಂತಿವೆ. ಲೀಡ್ ಟೈಮು ಸಾಮಾನ್ಯವಾಗಿ ಹಾಗಿರುವುದಿಲ್ಲ. ಬೇಗ ಬರುವುದಕ್ಕೆ ಒಂದು ಮಿತಿ ಇದೆ, ತಡವಾಗುವುದಕ್ಕೆ ಮಿತಿಯೇ ಇಲ್ಲ. ನಿಮ್ಮ ದಾಖಲೆಯಲ್ಲಿ ಅಂಥ ಉದ್ದನೆಯ ಬಾಲ ಕಂಡರೆ ಸೂತ್ರವನ್ನು ಬದಿಗಿಟ್ಟು, ಹಳೆಯ ದಾಖಲೆಯ ಲೀಡ್ ಟೈಮುಗಳನ್ನೂ ಬೇಡಿಕೆಗಳನ್ನೂ ಯಾದೃಚ್ಛಿಕವಾಗಿ ಹೆಕ್ಕಿ ಸ್ಪ್ರೆಡ್‌ಶೀಟಿನಲ್ಲಿ ಸಾವಿರಾರು ಸಲ ಓಡಿಸಿ ನೋಡಿ. ಹೆಚ್ಚಿನ ಗಣಿತ ಬೇಡ.

ಯೋಜನಾವಿಭಾಗ

ಮೀಸಲು ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದನ್ನೂ ನೋಡಿ. ಒಂದಕ್ಕೊಂದು ಸಂಬಂಧವಿಲ್ಲದ, ಒಂದೇ ಬಗೆಯ ಬೇಡಿಕೆ ಇರುವ ನಾಲ್ಕು ಗೋದಾಮುಗಳಲ್ಲಿ ತಲಾ 100ರಂತೆ 400 ಮೀಸಲಿದ್ದರೆ, ಅದನ್ನು ಒಂದೇ ಕಡೆ ಸೇರಿಸಿದಾಗ 200 ಸಾಕು. ಒಂದು ಕಡೆಯ ಏರಿಕೆಯನ್ನು ಇನ್ನೊಂದು ಕಡೆಯ ಇಳಿಕೆ ಸರಿದೂಗಿಸುತ್ತದೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಡೆಸ್ಕ್‌ಜೆಟ್ ಮುದ್ರಕಗಳಲ್ಲಿ ಇದೇ ತತ್ವವನ್ನು ಬಳಸಿತು. ಪ್ರತಿ ದೇಶಕ್ಕೂ ಬೇರೆ ಬೇರೆ ವಿದ್ಯುತ್ ಘಟಕ, ಬೇರೆ ಭಾಷೆಯ ಕೈಪಿಡಿ. ಅವನ್ನು ಕಾರ್ಖಾನೆಯಲ್ಲೇ ಜೋಡಿಸುವ ಬದಲು ವಿತರಣಾ ಕೇಂದ್ರದಲ್ಲಿ ಜೋಡಿಸತೊಡಗಿದ ಮೇಲೆ ಎಲ್ಲ ದೇಶಗಳಿಗೂ ಸಲ್ಲುವ ಒಂದೇ ಮುದ್ರಕದ ಮೀಸಲು ಸಾಕಾಯಿತು.

ಇನ್ನೊಂದು ಎಚ್ಚರಿಕೆ. ಆಡಳಿತ ಈಗ ಮಾಡಿರುವಂತೆ ಒಮ್ಮೆಲೇ ಎಲ್ಲರೂ ಮೀಸಲು ಏರಿಸಿದರೆ ಪೂರೈಕೆದಾರನಿಗೆ ಅದು ಬೇಡಿಕೆ ಏರಿದಂತೆ ಕಾಣುತ್ತದೆ. ಅವನೂ ತನ್ನ ಮೀಸಲು ಏರಿಸುತ್ತಾನೆ, ಅವನ ಹಿಂದಿನವನೂ. ಸರಪಳಿಯ ಹಿಂದುಹಿಂದಕ್ಕೆ ಹೋದಂತೆ ಏರಿಳಿತ ದೊಡ್ಡದಾಗುವ ಈ ‘ಬುಲ್‌ವಿಪ್’ ಪರಿಣಾಮವನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಮಕ್ಕಳ ಡೈಪರ್‌ಗಳ ಆರ್ಡರಿನಲ್ಲಿ ಗಮನಿಸಿತ್ತು: ಮಗುವಿನ ಬಳಕೆ ಸ್ಥಿರ, ಆದರೆ ಹಿಂದಿನ ಹಂತಗಳ ಆರ್ಡರುಗಳು ಏರುಪೇರು. ಕೊರತೆಯ ಭಯದಲ್ಲಿ ಕಟ್ಟಿದ ದಾಸ್ತಾನು ಬೇಡಿಕೆ ಕುಸಿದಾಗ ಏನಾಗುತ್ತದೆ ಎಂಬುದಕ್ಕೆ ಸಿಸ್ಕೊ ಕಂಪನಿ ಸಾಕ್ಷಿ. 2001ರಲ್ಲಿ ಅದು ಸುಮಾರು 225 ಕೋಟಿ ಡಾಲರ್ ಮೌಲ್ಯದ ದಾಸ್ತಾನನ್ನು ನಷ್ಟವೆಂದು ಬರೆದುಹಾಕಿತು. ನಿಮ್ಮ ಘಟಕದಲ್ಲಿ ಮೀಸಲು ಏರಿಸುವುದೇ ನಿಜವಾದರೆ ಹಂತಹಂತವಾಗಿ ಏರಿಸಿ, ‘ಇದು ಒಂದು ಸಲದ ಹೆಚ್ಚುವರಿ, ಮುಂದಿನ ತಿಂಗಳ ಬೇಡಿಕೆಯಲ್ಲ’ ಎಂದು ಪೂರೈಕೆದಾರನಿಗೆ ಮೊದಲೇ ತಿಳಿಸಿ.

ಖರೀದಿಮೇಜು

ಎಲ್ಲರಿಗೂ ಕೃತಜ್ಞತೆಗಳು. ಸ್ವೀಕೃತಿ ದಾಖಲೆಯಿಂದ ದಿನಾಂಕಗಳನ್ನು ತೆಗೆಯಲು ಶುರುಮಾಡಿದ್ದೇನೆ. ತಪಾಸಣೆಯಲ್ಲಿ ಕಳೆಯುವ ದಿನಗಳನ್ನು ಬೇರೆ ಕಾಲಂ ಮಾಡಿದ್ದೇನೆ. ಉಳಿದದ್ದು ಎರಡು ಸಂಶಯ. ಕೆಲವು ಬಿಡಿಭಾಗಗಳು ತಿಂಗಳುಗಟ್ಟಲೆ ಅಲುಗಾಡುವುದಿಲ್ಲ, ನಂತರ ಒಂದೇ ದಿನ ನಾಲ್ಕು ಬೇಕಾಗುತ್ತವೆ. ಇನ್ನು ಹೊಸದಾಗಿ ಸೇರಿದ ವಸ್ತುಗಳಿಗೆ ಇತಿಹಾಸವೇ ಇಲ್ಲ. ಇವೆರಡಕ್ಕೂ ಏನು ಮಾಡುವುದು?

ಅಂಕಿನೋಟ

ಮೊದಲನೆಯದಕ್ಕೆ ಮೇಲಿನ ಸೂತ್ರ ಬಳಸಲೇಬೇಡಿ. ಸರಾಸರಿ ಎಂಬುದೇ ಅಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಬೇಡಿಕೆ ಬಂದಾಗ ಎಷ್ಟು ಬರುತ್ತದೆ, ಎರಡು ಬೇಡಿಕೆಗಳ ನಡುವೆ ಎಷ್ಟು ಅಂತರ ಎಂಬುದನ್ನು ಬೇರೆ ಬೇರೆಯಾಗಿ ಅಂದಾಜಿಸುವ ವಿಧಾನವನ್ನು ಕ್ರಾಸ್ಟನ್ ಎಂಬವರು 1972ರಲ್ಲಿ ಮುಂದಿಟ್ಟರು. ಹಲವು ತಂತ್ರಾಂಶಗಳಲ್ಲಿ ಅದು ಸಿಗುತ್ತದೆ. ತೀರಾ ಅಪರೂಪಕ್ಕೆ ಬೇಕಾಗುವ ಭಾಗಕ್ಕೆ ಅದೂ ಬೇಡ. ಆ ಭಾಗ ಇಲ್ಲದಿದ್ದರೆ ಯಂತ್ರ ನಿಲ್ಲುತ್ತದೆಯೇ, ತರಿಸಲು ಎಷ್ಟು ದಿನ, ಒಂದೇ ಬಾರಿಗೆ ಗರಿಷ್ಠ ಎಷ್ಟು ಬೇಕಾಗಬಹುದು ಎಂದು ನಿರ್ವಹಣಾ ವಿಭಾಗದವರನ್ನು ಕೂರಿಸಿಕೊಂಡು ಕೇಳಿ. ನಾಲ್ಕೂ ಸೀಲುಗಳನ್ನು ಒಟ್ಟಿಗೇ ಬದಲಿಸುವ ಯಂತ್ರಕ್ಕೆ ಮೂರು ಇಟ್ಟರೂ ಒಂದೂ ಇಡದಿದ್ದರೂ ಫಲ ಒಂದೇ.

ಉಗ್ರಾಣಪಾಲಕ

ಹೊಸ ವಸ್ತುವಿಗೆ ನಾವು ಮಾಡುವುದು ಇಷ್ಟು ಸರ್: ಅದನ್ನೇ ಹೋಲುವ ಹಳೆಯ ವಸ್ತುವಿನ ಏರುಪೇರನ್ನೂ, ಅದೇ ಪೂರೈಕೆದಾರನ ಇತರ ಸರಕುಗಳ ಲೀಡ್ ಟೈಮನ್ನೂ ಎರವಲು ಪಡೆದು ತಾತ್ಕಾಲಿಕ ಮಟ್ಟ ಬರೆಯುತ್ತೇವೆ. ಬಿನ್ ಕಾರ್ಡಿನ (ವಸ್ತುವಿನ ಜಾಗದಲ್ಲೇ ಇಡುವ ದಾಸ್ತಾನು ಚೀಟಿಯ) ಮೇಲೆ ಪೆನ್ಸಿಲಿನಲ್ಲಿ, ಪಕ್ಕದಲ್ಲಿ ಮರುಪರಿಶೀಲನೆಯ ತಿಂಗಳು. ಅಷ್ಟರಲ್ಲಿ ಸ್ವಂತ ದಾಖಲೆ ಕೂಡಿಬಂದಿರುತ್ತದೆ, ಆಗ ಅಳಿಸಿ ಹೊಸ ಸಂಖ್ಯೆ ಬರೆಯಿರಿ. ಮರುಪರಿಶೀಲನೆಯ ತಿಂಗಳು ಬರೆಯದೆ ಬಿಟ್ಟ ಕಾರ್ಡುಗಳನ್ನು ನಾನು ಸ್ವೀಕರಿಸುವುದಿಲ್ಲ.